ಮಳೆನೀರಿನ ಆಸ್ತಿಯೂ ಅದರ ಪೋಷಣೆಯೂ: ಶಿಕಾರಿಪುರ–ಸೊರಬ ಸೀಮೆಯ ಚರಿತ್ರೆಯಿಂದ ಕೆಲವು ವಿಚಾರಗಳು

೧

ಕೆರೆಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, ಅದನ್ನು ಯಾರು ಯಾವಾಗ ಕಟ್ಟಿಸಿದರೆಂಬುದು. ಶಾಸನಗಳೂ ಈ ಪ್ರಶ್ನೆಗೆ ಸುಲಭವಾಗಿ ಉತ್ತರ ಕೊಡುತ್ತವೆ. ಏಕೆಂದರೆ ಕಟ್ಟಿಸುವುದು ಕೀರ್ತಿಯ ಕೆಲಸ, ಕಲ್ಲಿನಲ್ಲಿ ಬರೆಯಿಸಿಡಲು ತಕ್ಕುದು. ಕಟ್ಟಿದ ಮೇಲೆ ವರ್ಷವರ್ಷವೂ ಏರಿಗೆ ಮಣ್ಣು ಹಾಕಿಸುವ, ಹೂಳು ತೆಗೆಯಿಸುವ, ತೂಬನ್ನು ಸರಿಪಡಿಸುವ ವೆಚ್ಚವನ್ನು ಯಾರು, ಯಾವ ಮೂಲದಿಂದ, ಎಷ್ಟು ಕಾಲ ಹೊತ್ತರೆಂಬ ಎರಡನೆಯ ಪ್ರಶ್ನೆಗೆ ಉತ್ತರವನ್ನು ಅಲ್ಲಲ್ಲಿ ಚದರಿರುವ ಸಾಕ್ಷ್ಯಗಳಿಂದ ಕೂಡಿಸಿಕೊಳ್ಳಬೇಕಾಗುತ್ತದೆ. ಪ್ರಕೃತ ಲೇಖನದಲ್ಲಿ ಈ ಎರಡನೆಯ ಪ್ರಶ್ನೆಯನ್ನು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ವಿಚಾರಿಸಲು ಉದ್ದೇಶಿಸಿದ್ದೇವೆ.

ಈ ವಿಚಾರಕ್ಕೆ ಇಂದಿನ ಪ್ರಯೋಜನವೂ ಉಂಟು. ಪಟ್ಟಣಗಳಲ್ಲಿ ಮಳೆನೀರನ್ನು ಸಾಗಿಸುವ ಚರಂಡಿ, ಮೋರಿ, ಕಾಲುವೆಗಳನ್ನು ಒಂದೊಂದು ಕಾಮಗಾರಿಯೆಂದು ನೋಡದೆ ಊರಿನ ಆಸ್ತಿಯೆಂದು ನೋಡಿ, ಅವುಗಳ ಪಟ್ಟಿಮಾಡಿ, ಸ್ಥಿತಿಯನ್ನು ಪರೀಕ್ಷಿಸಿ, ಎಷ್ಟು ವರ್ಷ ಬಾಳುವುವೆಂದು ಅಂದಾಜುಮಾಡಿ, ಅದಕ್ಕೆ ತಕ್ಕ ಹಣವನ್ನು ಮೊದಲೇ ತೆಗೆದಿಡಬೇಕೆಂಬ ಮತವು ಕಳೆದ ಮೂರು ನಾಲ್ಕು ದಶಕಗಳಲ್ಲಿ ಅನೇಕ ದೇಶಗಳಲ್ಲಿ ಬಲಗೊಂಡಿದೆ. ಇದನ್ನು ಆಸ್ತಿ ನಿರ್ವಹಣೆಯೆಂದು ಕರೆಯುತ್ತಾರೆ. ಹೆಸರು ಹೊಸದಾದರೂ ಅದರ ತಿರುಳಾದ ಸಮಸ್ಯೆ ನಮ್ಮ ನಾಡಿಗೆ ಹೊಸದಲ್ಲ. ಮಳೆನೀರಿನ ಕಟ್ಟಡಗಳು ನಿಂತುದೂ ಅಳಿದುದೂ ಕಟ್ಟಿದವರ ಶಕ್ತಿಯಿಂದ ಎಷ್ಟೋ, ಪೋಷಣೆಯ ಹಣಕ್ಕೆ ಗೊತ್ತಾದ ಮೂಲ ಇತ್ತೇ ಇಲ್ಲವೇ ಎಂಬುದರಿಂದಲೂ ಅಷ್ಟೇ ಎಂಬುದು ನಮ್ಮ ಅಭಿಪ್ರಾಯ.

೨

ಮೊದಲು ಭೂಸ್ವರೂಪವನ್ನು ಗಮನಿಸಬೇಕು. ಈ ಎರಡು ತಾಲ್ಲೂಕುಗಳು ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಎಡೆಯಲ್ಲಿವೆ. ಪಶ್ಚಿಮದಿಂದ ಪೂರ್ವಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತದೆ. ಸೊರಬ ಪಟ್ಟಣ ದಂಡಾವತಿಯ ದಡದಲ್ಲಿದೆ. ಆ ಹೊಳೆ ವರದಾ ನದಿಯನ್ನು ಸೇರುತ್ತದೆ. ಹುಂಚದ ಬಳಿಯ ಬೆಟ್ಟಗಳಲ್ಲಿ ಹುಟ್ಟುವ ಕುಮುದ್ವತಿಯು ಶಿಕಾರಿಪುರ ತಾಲ್ಲೂಕನ್ನು ಹಾದು ಉತ್ತರಾಭಿಮುಖವಾಗಿ ಹರಿದು ತುಂಗಭದ್ರೆಯಲ್ಲಿ ಕೂಡುತ್ತದೆ. ಮಳೆ ನಾಲ್ಕು ತಿಂಗಳಲ್ಲಿ ಸುರಿದು ಉಳಿದ ಎಂಟು ತಿಂಗಳು ನೀರಿಗೆ ಕಾಯಬೇಕಾದ ಈ ಸೀಮೆಯಲ್ಲಿ ಕೆರೆಗೆ ಎರಡು ಕೆಲಸ: ಸುರಿದ ನೀರನ್ನು ಹಿಡಿದಿಡುವುದು ಒಂದು, ಹೆಚ್ಚಾದುದನ್ನು ಅಪಾಯವಿಲ್ಲದಂತೆ ಮುಂದಕ್ಕೆ ಸಾಗಿಸುವುದು ಇನ್ನೊಂದು. ಏರಿ ಮೊದಲ ಕೆಲಸವನ್ನೂ ಕೋಡಿ ಎರಡನೆಯ ಕೆಲಸವನ್ನೂ ಮಾಡುತ್ತವೆ.

ಒಂದು ಕೆರೆಯ ಕೋಡಿ ಹರಿದ ನೀರು ಕೆಳಗಿನ ಕೆರೆಗೆ ಹೋಗುವುದರಿಂದ ಕೆರೆಗಳು ಸರಣಿಯಾಗಿ ಹೊಂದಿಕೊಂಡಿರುತ್ತವೆ. ೧೮೬೦ರ ದಶಕದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು ಸಂಸ್ಥಾನದ ವಿಸ್ತೀರ್ಣದ ಶೇಕಡಾ ೬೦ರಷ್ಟು ಭಾಗ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದು ಲೆಕ್ಕಹಾಕಿದುದು ಸುವಿದಿತವಾಗಿದೆ. ಇಂಥ ಸರಣಿಯಲ್ಲಿ ಮೇಲಿನ ಕೆರೆಯ ಏರಿ ಒಡೆದರೆ ಕೆಳಗಿನ ಕೆರೆಗಳೂ ಒಂದರ ಹಿಂದೊಂದು ಒಡೆಯುವ ಸಂಭವವುಂಟು. ಆದುದರಿಂದ ಇಲ್ಲಿ ಆಸ್ತಿಯೆಂದರೆ ಒಂದು ಕೆರೆಯಲ್ಲ. ಕೆರೆ, ಕೋಡಿ, ಕಾಲುವೆ, ಕೆಳಗಿನ ಕೆರೆ ಇವೆಲ್ಲ ಕೂಡಿದ ಸಮುದಾಯ. ಒಂದು ಊರಿನ ಅಲಕ್ಷ್ಯ ಇನ್ನೊಂದು ಊರಿನ ನಷ್ಟವಾಗಿ ಪರಿಣಮಿಸಬಹುದಾದ ಕಾರಣ, ಪೋಷಣೆಯನ್ನು ವ್ಯಕ್ತಿಯೊಬ್ಬನ ಔದಾರ್ಯಕ್ಕೆ ಬಿಡುವಂತಿರಲಿಲ್ಲ.

೩

ಈ ಪ್ರದೇಶದ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ಣಾಟಿಕದ ಏಳನೆಯ ಮತ್ತು ಎಂಟನೆಯ ಸಂಪುಟಗಳಲ್ಲಿ ಕ್ರಮವಾಗಿ ೧೯೦೨ ಮತ್ತು ೧೯೦೪ರಲ್ಲಿ ಪ್ರಕಟಿಸಿದರು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಏಳನೆಯ ಸಂಪುಟದಲ್ಲಿದೆ. ಕ್ರಿ. ಶ. ಐದನೆಯ ಶತಮಾನದ ನಡುಭಾಗಕ್ಕೆ ಸೇರಿದ ಈ ಶಾಸನವನ್ನು ಕುಬ್ಜನೆಂಬ ಕವಿ ಕದಂಬ ಶಾಂತಿವರ್ಮನ ಕಾಲದಲ್ಲಿ ರಚಿಸಿದನು. ಕದಂಬ ವಂಶದ ಉದಯವನ್ನು ತಿಳಿಸುವ ಆಧಾರವೆಂದು ನಾವು ಅದನ್ನು ತರಗತಿಗಳಲ್ಲಿ ಓದಿಸುತ್ತೇವೆ. ಆದರೆ ಅದರ ನೇರವಾದ ಪ್ರಯೋಜನ ಬೇರೆ: ಕಾಕುಸ್ಥವರ್ಮನು ಅಲ್ಲಿನ ಶಿವಾಲಯದ ಸನ್ನಿಧಿಯಲ್ಲಿ ದೊಡ್ಡದೊಂದು ತಟಾಕವನ್ನು ಮಾಡಿಸಿದನೆಂಬುದನ್ನು ದಾಖಲಿಸುವುದಕ್ಕಾಗಿಯೇ ಅದು ಹುಟ್ಟಿತು. ಕದಂಬರ ಮಹಾಚರಿತ್ರೆಯೆಲ್ಲ ಒಂದು ಕೆರೆಯ ದಾಖಲೆಗೆ ಪೀಠಿಕೆಯಾಗಿ ನಿಂತಿದೆಯೆಂದರೆ ತಪ್ಪಾಗಲಾರದು.

ಮುಂದೆ ಬನವಾಸಿ ಪನ್ನಿರ್ಚ್ಛಾಸಿರದ ಮುಖ್ಯ ಪಟ್ಟಣವಾಗಿ ಬಳ್ಳಿಗಾವೆ ಬೆಳೆಯಿತು. ಅದರ ಪ್ರಸಿದ್ಧವಾದ ಕೋಡಿಯಮಠವು ೧೧೬೨ರ ಶಾಸನದಲ್ಲಿ ವಿದ್ಯೆ, ಅನ್ನ, ಔಷಧಗಳ ದಾನಕ್ಕೆ ನೆಲೆಯಾಗಿ ವರ್ಣಿತವಾಗಿದೆ; ಅದರ ಹೆಸರಿನಲ್ಲಿಯೇ ಕೆರೆಯ ಕೋಡಿಯ ನೆನಪು ಉಳಿದಿದೆ. ಬಂದಳಿಕೆಯ ಸುತ್ತಲಿನ ನಾಗರಖಂಡ ಎಪ್ಪತ್ತರಂಥ ನಾಡುಗಳು ನಾಳ್ಗಾವುಂಡರ ಆಡಳಿತದಲ್ಲಿದ್ದುವು. ಹತ್ತನೆಯ ಶತಮಾನದ ಆರಂಭದಲ್ಲಿ ಜಕ್ಕಿಯಬ್ಬೆಯೆಂಬ ಸ್ತ್ರೀ ಪತಿಯ ನಿಧನಾನಂತರ ಈ ಅಧಿಕಾರವನ್ನು ವಹಿಸಿಕೊಂಡು ನಡೆಸಿದ ಸಂಗತಿಯನ್ನು ಬಂದಳಿಕೆಯ ಶಾಸನ ತಿಳಿಸುತ್ತದೆ. ರಾಜಧಾನಿಗೂ ಹಳ್ಳಿಗೂ ನಡುವೆ ನಾಡೆಂಬ ಹಂತವೊಂದು ಸಜೀವವಾಗಿತ್ತೆಂಬುದು ನಮ್ಮ ವಿಷಯಕ್ಕೆ ಮುಖ್ಯ. ಸರಣಿಯಾಗಿರುವ ಕೆರೆಗಳ ಹಿತವನ್ನು ನೋಡಿಕೊಳ್ಳಲು ಹಳ್ಳಿ ತೀರ ಚಿಕ್ಕದು, ರಾಜ್ಯ ತೀರ ದೊಡ್ಡದು.

ದಾನಶಾಸನಗಳ ರಚನೆಯನ್ನು ನಮ್ಮ ದೃಷ್ಟಿಯಿಂದ ಮತ್ತೆ ಓದಿದರೆ, ಅವು ಆಸ್ತಿಯ ಪಟ್ಟಿಯ ಕೆಲಸವನ್ನು ಮಾಡುತ್ತಿದ್ದುವೆಂಬುದು ಗೋಚರವಾಗುತ್ತದೆ. ಇಂಥ ಕೆರೆಯ ಕೆಳಗೆ ಇಷ್ಟು ಮತ್ತರು ಗದ್ದೆ, ಇಂಥ ಗಳೆಯ ಅಳತೆಯಲ್ಲಿ, ಇಂಥಿಂಥ ಎಲ್ಲೆಗಳ ಒಳಗೆ ಎಂದು ಅವು ಗೊತ್ತುಮಾಡುತ್ತವೆ. ಬಳ್ಳಿಗಾವೆಯ ಭೇರುಂಡಗಳೆಯು ಇಂಥ ಅಳತೆಗೋಲುಗಳಲ್ಲಿ ಒಂದು. ಶಾಸನದ ಕೊನೆಗೆ ಬರುವ ಶಾಪಾಶಯದ ಶ್ಲೋಕಗಳನ್ನು ನಾವು ಸಂಪ್ರದಾಯವೆಂದು ದಾಟಿಹೋಗುವುದುಂಟು. ಆದರೆ ಅವುಗಳಲ್ಲಿ ಪದೇ ಪದೇ ಕಾಣಬರುವ ಅಭಿಪ್ರಾಯವೊಂದಿದೆ: ತಾನು ಕೊಡುವುದಕ್ಕಿಂತಲೂ ಇತರರು ಕೊಟ್ಟುದನ್ನು ಪಾಲಿಸುವುದು ಮೇಲಾದುದು. ಕಟ್ಟಿಸಿದವನಿಗೆ ಕೀರ್ತಿ ತಾನಾಗಿ ಬರುತ್ತದೆ, ಕಾಪಾಡುವವನಿಗೆ ಬಾರದು. ಆ ಕೊರತೆಯನ್ನು ಪುಣ್ಯದ ಲೆಕ್ಕದಲ್ಲಿ ತುಂಬಿಕೊಡುವ ಪ್ರಯತ್ನ ಇಲ್ಲಿದೆ.

ಪುಣ್ಯವೊಂದನ್ನೇ ನಂಬಿ ಕುಳಿತಿರಲಿಲ್ಲವೆಂಬುದಕ್ಕೆ ಕರ್ಣಾಟಕದ ಶಾಸನಗಳಲ್ಲಿ ದೊರೆಯುವ ಪಾರಿಭಾಷಿಕ ಪದಗಳೇ ಸಾಕ್ಷಿ. ಬಿತ್ತುವಟ್ಟವೆಂದರೆ ಕೆರೆಯ ನೀರುಂಡ ಭೂಮಿಯಿಂದ ಕೆರೆಯ ನಿಮಿತ್ತ ಬಿಟ್ಟ ಪಾಲು. ಕೆರೆಗೊಡಗೆ, ಕಟ್ಟುಗೊಡಗೆಗಳೆಂದರೆ ಕೆರೆಯನ್ನು ಕಟ್ಟಿದುದಕ್ಕೆ ಅಥವಾ ಜೀರ್ಣೋದ್ಧಾರ ಮಾಡಿದುದಕ್ಕೆ ಕೊಟ್ಟ ಭೂಮಿ. ದಸವಂದವು ಹೆಸರೇ ತಿಳಿಸುವಂತೆ ಹತ್ತರಲ್ಲೊಂದರ ಪಾಲು. ಹೂಳು ಹೊರುವ ಬಂಡಿಗಳ ವೆಚ್ಚಕ್ಕೆಂದು ಬಿಟ್ಟ ದತ್ತಿಗಳೂ ಉಂಟು. ಈ ಪದಗಳೆಲ್ಲ ಎಲ್ಲ ಸೀಮೆಗಳಲ್ಲಿಯೂ ಸಮವಾಗಿ ಬಳಕೆಯಲ್ಲಿರಲಿಲ್ಲ. ಬಿತ್ತುವಟ್ಟವು ಪೂರ್ವದ ಬಯಲುಸೀಮೆಯ ಶಾಸನಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಆದರೂ ಇವೆಲ್ಲವುಗಳ ಹಿಂದೆ ಇರುವ ತತ್ತ್ವ ಒಂದೇ. ಕಟ್ಟಡ ಯಾರಿಗೆ ಫಲ ಕೊಡುತ್ತದೆಯೋ ಆ ಫಲದಲ್ಲಿಯೇ ಅದರ ಪೋಷಣೆಯ ಪಾಲನ್ನು ಮೊದಲೇ ಮೀಸಲಿಡಬೇಕು. ಆ ಪಾಲು ಕೆರೆಯ ಜೊತೆಗೇ ಹುಟ್ಟಿ ಅದರ ಜೊತೆಗೇ ಇರಬೇಕು.

೪

ಈ ತತ್ತ್ವದ ಬೆಲೆ ತಿಳಿಯಬೇಕಾದರೆ ಅದಕ್ಕೆ ಭಿನ್ನವಾದ ಇನ್ನೊಂದು ಕ್ರಮವನ್ನು ಹೋಲಿಸಿ ನೋಡಬೇಕು. ಸೌರಾಷ್ಟ್ರದ ಗಿರಿನಗರದ ಸುದರ್ಶನ ಸರೋವರದ ಕಥೆ ಇದಕ್ಕೆ ತಕ್ಕ ನಿದರ್ಶನ. ಚಂದ್ರಗುಪ್ತ ಮೌರ್ಯನ ಅಧಿಕಾರಿ ಪುಷ್ಯಗುಪ್ತನು ಅದನ್ನು ಕಟ್ಟಿಸಿದನು. ಅಶೋಕನ ಕಾಲದಲ್ಲಿ ತುಷಾಸ್ಫನು ಕಾಲುವೆಗಳನ್ನು ಮಾಡಿಸಿದನು. ಕ್ರಿ. ಶ. ೧೫೦ರಲ್ಲಿ ಬಿರುಗಾಳಿ ಮಳೆಗಳಿಂದ ಅದು ಒಡೆಯಿತು. ಬಿರುಕು ೪೨೦ ಮೊಳ ಉದ್ದ, ಅಷ್ಟೇ ಅಗಲ, ೭೫ ಮೊಳ ಆಳವಿತ್ತೆಂದು ಮಹಾಕ್ಷತ್ರಪ ರುದ್ರದಾಮನ ಶಾಸನ ಹೇಳುತ್ತದೆ. ಮಂತ್ರಿಗಳು ಈ ಕೆಲಸ ಅಸಾಧ್ಯವೆಂದು ಹಿಂಜರಿದಾಗ ರುದ್ರದಾಮನು ಪ್ರಜೆಗಳ ಮೇಲೆ ತೆರಿಗೆಯನ್ನಾಗಲಿ ಬಿಟ್ಟಿಯನ್ನಾಗಲಿ ಹೊರಿಸದೆ ತನ್ನ ಭಂಡಾರದಿಂದಲೇ ಅದನ್ನು ಸರಿಪಡಿಸಿದನು. ಸುಮಾರು ಮುನ್ನೂರು ವರ್ಷಗಳ ತರುವಾಯ ಅದು ಮತ್ತೆ ಒಡೆದು ಸ್ಕಂದಗುಪ್ತನ ಕಾಲದಲ್ಲಿ ಮತ್ತೆ ದುರಸ್ತಾಯಿತು. ಇಂದು ಆ ಸರೋವರವಿಲ್ಲ.

ರುದ್ರದಾಮನ ಔದಾರ್ಯ ಪ್ರಶಂಸನೀಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ದುರಂತದ ತರುವಾಯ ಒದಗಿದ ಔದಾರ್ಯ. ಒಡೆಯುವವರೆಗೆ ಕಾಯುವುದು, ಒಡೆದ ಮೇಲೆ ಸಮರ್ಥನಾದ ಅರಸನೊಬ್ಬನಿದ್ದರೆ ಕಟ್ಟಿಸುವುದು, ಇಲ್ಲದಿದ್ದರೆ ಬಿಡುವುದು: ಭಂಡಾರವನ್ನು ಮಾತ್ರ ನಂಬಿದ ಕ್ರಮದ ಸ್ವಭಾವ ಇದು. ದಸವಂದದ ಕ್ರಮ ಇದಕ್ಕೆ ವಿರುದ್ಧವಾದುದು. ಅದರಲ್ಲಿ ವೈಭವವಿಲ್ಲ, ಪ್ರತಿ ಸುಗ್ಗಿಯಲ್ಲೂ ಸ್ವಲ್ಪ ಸ್ವಲ್ಪ ಬರುವ ನಿಯತವಾದ ಆದಾಯವಿದೆ.

ಹಿಂದಿನವರು ಕಟ್ಟಡದ ಗುಣದೋಷಗಳನ್ನು ಕ್ರಮವಾಗಿ ವಿಚಾರಮಾಡುತ್ತಿದ್ದರೆಂಬುದಕ್ಕೆ ಕಡಪಾ ಜಿಲ್ಲೆಯ ಪೋರುಮಾಮಿಳ್ಳದ ಕೆರೆಯ ೧೩೬೯ರ ಶಾಸನ ಪ್ರಸಿದ್ಧ ಸಾಕ್ಷ್ಯ. ಬುಕ್ಕರಾಯನ ಮಗ ಭಾಸ್ಕರನು ಮಾಡಿಸಿದ ಆ ಕೆರೆಗೆ ದಿನವೂ ೧೦೦೦ ಆಳು, ೧೦೦ ಬಂಡಿ ದುಡಿದು ಎರಡು ವರ್ಷ ಹಿಡಿದುವೆಂದು ಹೇಳಿ, ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳನ್ನೂ ಕೆಟ್ಟ ಕೆರೆಗೆ ಆರು ದೋಷಗಳನ್ನೂ ಶಾಸನ ಎಣಿಸುತ್ತದೆ. ಏರಿಯಲ್ಲಿ ನೀರು ಜಿನುಗುವುದು ಒಂದು ದೋಷ. ಎರಡು ರಾಜ್ಯಗಳ ಗಡಿಯಲ್ಲಿರುವುದು ಇನ್ನೊಂದು. ಈ ಎರಡನೆಯದು ಶಿಲ್ಪದ ದೋಷವಲ್ಲ, ಆಡಳಿತದ ದೋಷ. ಜವಾಬ್ದಾರಿ ಯಾರದೆಂದು ತಿಳಿಯದ ಆಸ್ತಿ ಕೆಡುವುದೆಂಬ ಅನುಭವ ಅದರಲ್ಲಿದೆ. ನಮ್ಮ ಸೀಮೆಯ ಅಂಚಿನಲ್ಲಿಯೇ, ಇಂದಿನ ಹಾವೇರಿ ಜಿಲ್ಲೆಯ ಮಾಸೂರಿನ ಬಳಿ, ಕುಮುದ್ವತಿಗೆ ಅಡ್ಡಲಾಗಿ ಕಟ್ಟಿದ ಮದಗದ ಕೆರೆಯಿದೆ. ವಿಜಯನಗರದ ಕಾಲದ್ದೆಂದು ಪ್ರತೀತಿಯಿರುವ ಈ ಮಹಾಕಾರ್ಯದ ಏರಿ ಕಾಲಾಂತರದಲ್ಲಿ ಒಡೆಯಿತು. ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೂ ಹೊಳೆಯ ಮೇಲ್ಭಾಗ ಮೈಸೂರಿನಲ್ಲಿಯೂ ಮಾಸೂರು ಮುಂಬಯಿ ಪ್ರಾಂತದಲ್ಲಿಯೂ ಇದ್ದುವೆಂಬುದನ್ನು ಪೋರುಮಾಮಿಳ್ಳದ ಪಟ್ಟಿಯೊಡನೆ ಓದಿಕೊಳ್ಳಬಹುದು.

೫

ಕೆಳದಿಯ ಅರಸರ ಕಾಲದಲ್ಲಿ ಪಟ್ಟಿಯ ಕೆಲಸ ಇನ್ನೊಂದು ರೂಪವನ್ನು ತಳೆಯಿತು. ಹದಿನೇಳನೆಯ ಶತಮಾನದ ನಡುವೆ ಆಳಿದ ಶಿವಪ್ಪನಾಯಕನ ಶಿಸ್ತು ಭೂಕಂದಾಯದ ನಿಷ್ಕರ್ಷೆಗೆ ಹೆಸರಾದುದು. ಬೇರೆ ಬೇರೆ ತರದ ಭೂಮಿಯನ್ನು ಹನ್ನೆರಡು ವರ್ಷಗಳ ಕಾಲ ಸಾಗುವಳಿ ಮಾಡಿಸಿ, ಖರ್ಚು ಬೆಳೆಗಳ ಲೆಕ್ಕವಿಟ್ಟು, ಅದರ ಸರಾಸರಿಯ ಮೇಲೆ ಕಂದಾಯವನ್ನು ಗೊತ್ತುಮಾಡಿದನೆಂದು ಹೇಳಿಕೆಯಿದೆ. ಮಳೆ ಬಂದ ವರ್ಷವೊಂದನ್ನೇ ಅಥವಾ ಬಾರದ ವರ್ಷವೊಂದನ್ನೇ ನಂಬದೆ ದೀರ್ಘಕಾಲದ ಸರಾಸರಿಯನ್ನು ಹಿಡಿದ ಈ ವಿವೇಕ ಮಳೆನೀರಿನ ವಿಚಾರದಲ್ಲಿ ವಿಶೇಷವಾಗಿ ಸ್ಮರಣೀಯ.

ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಬದಲಾವಣೆಯಾಯಿತು. ೧೮೬೩ರಲ್ಲಿ ಮೈಸೂರಿನ ಕಂದಾಯದ ಮೋಜಣಿ ಆರಂಭವಾಯಿತು; ಇನಾಂ ಭೂಮಿಗಳ ಹಕ್ಕುಗಳೂ ಆ ದಶಕದಲ್ಲಿಯೇ ವಿಚಾರಣೆಗೆ ಒಳಪಟ್ಟುವು. ಭೂಮಿಯ ಪಟ್ಟಿ ಹಿಂದೆಂದಿಗಿಂತಲೂ ಕರಾರುವಾಕ್ಕಾಯಿತು. ಆದರೆ ಭೂಮಿಗೂ ಕೆರೆಯ ಸೇವೆಗೂ ಇದ್ದ ಕೊಂಡಿ ಕ್ರಮೇಣ ಸಡಿಲವಾಯಿತು. ನೀರಿನ ಫಲ ಕಂದಾಯದ ರೂಪದಲ್ಲಿ ಖಜಾನೆಗೆ ಹೋಯಿತು. ಪೋಷಣೆಯ ಹಣ ಇಲಾಖೆಯ ಮಂಜೂರಾತಿಯಾಗಿ ಹಿಂದಿರುಗಬೇಕಾಯಿತು. ಏರಿಯ ಮಣ್ಣಿನ ಕೆಲಸವನ್ನು ರೈತರು ವಾಡಿಕೆಯಂತೆ ಮಾಡಬೇಕೆಂಬ ನಿಯಮ ಉಳಿಯಿತು. ಆದರೆ ಆ ಶ್ರಮಕ್ಕೆ ಪ್ರತಿಫಲವಾಗಿದ್ದ ಹಕ್ಕುಗಳು ಹಾಗೆಯೇ ಉಳಿಯಲಿಲ್ಲ. ೧೯೧೧ರ ಕೆರೆ ಪಂಚಾಯಿತಿ ರೆಗ್ಯುಲೇಷನ್ ಈ ಕೊಂಡಿಯನ್ನು ಮತ್ತೆ ಬೆಸೆಯುವ ಪ್ರಯತ್ನವೆಂದು ನಮಗೆ ತೋರುತ್ತದೆ. ಆನುವಂಶಿಕ ಗ್ರಾಮಾಧಿಕಾರಗಳನ್ನು ೧೯೬೧ರ ಅಧಿನಿಯಮ ರದ್ದುಗೊಳಿಸಿತು. ಸಾಮಾಜಿಕ ನ್ಯಾಯದ ದೃಷ್ಟಿಯಿಂದ ಅದು ಯುಕ್ತವೇ ಆಗಿತ್ತು. ಆದರೆ ನೀರುಗಂಟಿಯಂಥವರು ಪ್ರತಿದಿನ ಮಾಡುತ್ತಿದ್ದ ತಪಾಸಣೆಯ ಕೆಲಸವನ್ನು ಮುಂದೆ ಯಾರು ಮಾಡಬೇಕೆಂಬ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ೨೦೦೨ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಜಲಸಂವರ್ಧನೆಯ ಯೋಜನೆಯೂ ಕೆರೆಯ ಬಳಕೆದಾರರ ಸಂಘಗಳ ಮೂಲಕ ಅದೇ ಪ್ರಶ್ನೆಗೆ ಉತ್ತರ ಹುಡುಕಿತು.

ಹಳೆಯ ವ್ಯವಸ್ಥೆಯನ್ನು ಆದರ್ಶವೆಂದು ಭಾವಿಸುವುದು ಸಲ್ಲದು. ನೀರಿನ ಫಲವನ್ನು ಹೆಚ್ಚಾಗಿ ಉಂಡವರು ಭೂಮಿಯುಳ್ಳವರು, ದೇವಾಲಯ ಅಗ್ರಹಾರಗಳವರು. ಮಣ್ಣು ಹೊತ್ತವರು ಅನೇಕ ವೇಳೆ ಬಿಟ್ಟಿಯಾಳುಗಳು. ಶಾಸನಗಳು ಕೊಟ್ಟುದನ್ನು ಹೇಳುತ್ತವೆಯೇ ಹೊರತು ಕೊಟ್ಟುದು ನಿಜವಾಗಿ ಕೆರೆಗೆ ಸಂದಿತೇ ಎಂಬುದನ್ನು ಹೇಳುವುದಿಲ್ಲ. ನಾವು ಸ್ವೀಕರಿಸಬಹುದಾದುದು ಆ ಕಾಲದ ಸಾಮಾಜಿಕ ಕಟ್ಟಳೆಯನ್ನಲ್ಲ, ಹಣದ ಮೂಲವನ್ನು ಕಟ್ಟಡದೊಡನೆಯೇ ಗೊತ್ತುಮಾಡುವ ವಿವೇಕವನ್ನು.

೬

ಈಗ ಕೆರೆಯಿಂದ ಪಟ್ಟಣದ ಚರಂಡಿಗೆ ಬರೋಣ. ಇದು ಬೇರೆ ವಿಷಯವೆಂದು ತೋರಬಹುದು; ಆದರೆ ನೀರಿನ ದಾರಿ ಒಂದೇ. ಶಿಕಾರಿಪುರದಲ್ಲಿ ಹುಚ್ಚರಾಯನ ಕೆರೆ ಊರಿಗೆ ಹೊಂದಿಕೊಂಡಿದೆ. ಸೊರಬದ ನೀರಿಗೆ ದಂಡಾವತಿಯೇ ಗತಿ. ಮನೆ, ಅಂಗಡಿ, ರಸ್ತೆಗಳು ಹರಡಿದಂತೆ ನೆಲ ಹೀರಿಕೊಳ್ಳುತ್ತಿದ್ದ ನೀರು ಚರಂಡಿಗೆ ಬೀಳುತ್ತದೆ. ಚರಂಡಿ ತುಂಬಿದರೆ ರಸ್ತೆಗೆ, ರಸ್ತೆಯಿಂದ ತಗ್ಗಿನ ಮನೆಗಳಿಗೆ ನುಗ್ಗುತ್ತದೆ. ತಗ್ಗಿನಲ್ಲಿ ವಾಸಿಸುವವರು ಸಾಮಾನ್ಯವಾಗಿ ಬಡವರೆಂಬುದನ್ನು ಮರೆಯುವಂತಿಲ್ಲ.

ಚರಂಡಿಗಳನ್ನು ಕಟ್ಟುವುದೂ ಕಾಪಾಡುವುದೂ ೧೯೬೪ರ ಪುರಸಭೆಗಳ ಅಧಿನಿಯಮದಂತೆ ಪುರಸಭೆಗಳ ಕಡ್ಡಾಯ ಕರ್ತವ್ಯಗಳಲ್ಲಿ ಸೇರಿವೆ. ೨೦೦೬ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಕರ್ನಾಟಕದ ಪುರಸಭೆಗಳಿಗೆ ಹೊಸ ಲೆಕ್ಕಪದ್ಧತಿಯನ್ನು ವಿಧಿಸಿದುವು. ಕೈಸೇರಿದ ಹಣವನ್ನು ಮಾತ್ರವಲ್ಲದೆ ಆಸ್ತಿಗಳನ್ನೂ ಅವುಗಳ ಸವಕಳಿಯನ್ನೂ ಲೆಕ್ಕಕ್ಕೆ ತರುವ ಪದ್ಧತಿ ಅದು. ಸವಕಳಿಯೆಂಬುದು ಬರಿಯ ಗುಮಾಸ್ತರ ಪದವಲ್ಲ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಕೋಟಿ ರೂಪಾಯಿ ಖರ್ಚಿನ ಕಾಲುವೆ ನಲವತ್ತು ವರ್ಷ ಬಾಳುವುದಾದರೆ, ಬೆಲೆಗಳು ಏರದೆ ಇದ್ದರೂ, ಪ್ರತಿವರ್ಷ ಎರಡೂವರೆ ಲಕ್ಷ ರೂಪಾಯಿಗಳಷ್ಟು ಅದು ಸವೆಯುತ್ತದೆ. ಹೂಳೆತ್ತುವ ಖರ್ಚಿಗೆ ಇದು ಹೊರತು. ಆ ಮೊತ್ತವನ್ನು ಲೆಕ್ಕದ ಪುಸ್ತಕದಲ್ಲಿ ಬರೆದು ನಿಧಿಯಲ್ಲಿ ಇಡದಿದ್ದರೆ, ನಲವತ್ತನೆಯ ವರ್ಷ ಊರಿನ ಕೈಯಲ್ಲಿ ಮುರಿದ ಕಾಲುವೆಯೂ ಹೊಸ ಅನುದಾನಕ್ಕೆ ಅರ್ಜಿಯೂ ಮಾತ್ರ ಉಳಿಯುತ್ತವೆ. ಅನುದಾನದಿಂದ ಕಟ್ಟಿ ಅನುದಾನಕ್ಕೆ ಕಾಯುವ ಈ ಕ್ರಮ ಸುದರ್ಶನದ ಕ್ರಮವೇ ಹೊರತು ದಸವಂದದ ಕ್ರಮವಲ್ಲ.

ಇತರ ದೇಶಗಳಲ್ಲಿ ಈ ಕಷ್ಟವನ್ನು ಶಾಸನದ ಮೂಲಕ ಪರಿಹರಿಸಲು ಯತ್ನಿಸಿದ್ದಾರೆ. ನ್ಯೂಜಿಲೆಂಡಿನಲ್ಲಿ ೧೯೯೬ರ ಸ್ಥಳೀಯ ಸರ್ಕಾರದ ತಿದ್ದುಪಡಿ ಕಾಯಿದೆ ಪೌರಸಂಸ್ಥೆಗಳು ದೀರ್ಘಾವಧಿಯ ಹಣಕಾಸಿನ ಯೋಜನೆಯನ್ನು ಮಾಡಬೇಕೆಂದು ವಿಧಿಸಿತು. ಅಮೆರಿಕದಲ್ಲಿ ೧೯೯೯ರಲ್ಲಿ ಹೊರಬಿದ್ದ ಸರ್ಕಾರಿ ಲೆಕ್ಕದ ೩೪ನೆಯ ಸೂತ್ರ ರಸ್ತೆ, ಸೇತುವೆ, ಚರಂಡಿಗಳನ್ನು ಲೆಕ್ಕದಲ್ಲಿ ತೋರಿಸಬೇಕೆಂದಿತು. ಅದೇ ದೇಶದ ಬೆಲ್ಲೆವ್ಯೂ ಪಟ್ಟಣ ೧೯೭೪ರಲ್ಲಿಯೇ ಮಳೆನೀರಿನ ವ್ಯವಸ್ಥೆಗಾಗಿ ಪ್ರತ್ಯೇಕ ಶುಲ್ಕವನ್ನು ಏರ್ಪಡಿಸಿತ್ತು. ಅಲ್ಲಿ ನಿವೇಶನದ ವಿಸ್ತೀರ್ಣ, ಅದರ ಮೇಲಿನ ಕಟ್ಟಡಗಳ ಸಾಂದ್ರತೆ ಇವುಗಳಿಗೆ ತಕ್ಕಂತೆ ಶುಲ್ಕ ಬೀಳುತ್ತದೆ.

ಇಲ್ಲಿ ಕೆರೆಗೂ ಚರಂಡಿಗೂ ಇರುವ ಮುಖ್ಯ ವ್ಯತ್ಯಾಸ ಎದ್ದುಕಾಣುತ್ತದೆ. ಕೆರೆಯಲ್ಲಿ ನೀರನ್ನು ಪಡೆದವನು ತೆತ್ತನು. ಅವನ ಗದ್ದೆ ಕಣ್ಣೆದುರಿಗಿತ್ತು, ಫಲ ಕಣದಲ್ಲಿತ್ತು. ಚರಂಡಿಯಲ್ಲಿ ನೀರನ್ನು ಹೊರಗೆ ಬಿಟ್ಟವನು ತೆರಬೇಕು. ಅವನಿಗೆ ಬರುವ ಫಲವೆಂದರೆ ನೀರು ನಿಲ್ಲದಿರುವುದು. ಆಗದೆ ಇದ್ದ ನಷ್ಟ ಯಾರ ಕಣ್ಣಿಗೂ ಬೀಳದು. ಆದುದರಿಂದ ದಸವಂದವನ್ನು ಹಾಗೆಯೇ ಪಟ್ಟಣಕ್ಕೆ ತರುವಂತಿಲ್ಲ. ದೊಡ್ಡ ಚಾವಣಿ, ದೊಡ್ಡ ಅಂಗಳಗಳಿಂದ ಹೆಚ್ಚು ನೀರು ಬಿಡುವವರು ಹೆಚ್ಚು, ಗುಡಿಸಿಲಿನವರು ಅತ್ಯಲ್ಪವಾಗಿ ಕೊಡುವಂತೆ ಅದನ್ನು ರೂಪಾಂತರಗೊಳಿಸಬೇಕಾಗುತ್ತದೆ. ಹಾಗೆ ಬಂದ ಹಣ ಬೇರೆ ವೆಚ್ಚಗಳಲ್ಲಿ ಕರಗಿಹೋಗದೆ ನೀರಿನ ದಾರಿಗೇ ಮೀಸಲಾಗಿರಬೇಕು. ಹಳೆಯ ಶಾಸನಗಳು ಕಲ್ಲಿನಲ್ಲಿ ಕೆತ್ತಿಸಿ ಸಾಧಿಸಲು ಯತ್ನಿಸಿದುದು ಇದನ್ನೇ.

೭

ಮೇಲಿನ ವಿಚಾರದಿಂದ ಮೂರು ನಿರ್ಣಯಗಳು ಹೊರಡುತ್ತವೆ. ಮೊದಲನೆಯದಾಗಿ, ಈ ಸೀಮೆಯಲ್ಲಿ ಮಳೆನೀರಿನ ಕಟ್ಟಡಗಳನ್ನು ಪಟ್ಟಿಮಾಡುವ, ಅಳೆಯುವ, ಅವುಗಳ ಪೋಷಣೆಗೆ ಆದಾಯವನ್ನು ಮೀಸಲಿಡುವ ಸಂಪ್ರದಾಯ ಪ್ರಾಚೀನವಾದುದು. ಎರಡನೆಯದಾಗಿ, ಫಲಕ್ಕೂ ಪೋಷಣೆಗೂ ಇದ್ದ ಸಂಬಂಧ ಕಡಿದಾಗ, ಪಟ್ಟಿ ಎಷ್ಟೇ ಕರಾರುವಾಕ್ಕಾಗಿದ್ದರೂ, ಕಟ್ಟಡಗಳು ದುರಸ್ತಿಯ ಮಂಜೂರಾತಿಗೆ ಕಾದು ಕುಳಿತುವು. ಮೂರನೆಯದಾಗಿ, ಪಟ್ಟಣಗಳ ಚರಂಡಿಗಳಲ್ಲಿ ಆ ಸಂಬಂಧವನ್ನು ಹೊಸದಾಗಿ ನಿರ್ಮಿಸಬೇಕಾಗಿದೆ. ಅದು ತಾನಾಗಿ ಬರುವುದಿಲ್ಲ.

ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಇದರಲ್ಲಿ ಮಾಡಬಹುದಾದ ಕೆಲಸವೊಂದಿದೆ. ರೈಸ್ ಅವರ ಎರಡು ಸಂಪುಟಗಳಲ್ಲಿ ಹೆಸರಿಸಿರುವ ಕೆರೆ ಕಾಲುವೆಗಳನ್ನು ಊರೂರಿನ ಹಳೆಯ ಮೋಜಣಿ ನಕ್ಷೆಗಳೊಡನೆ ತಾಳೆನೋಡಿ, ಇಂದು ಅವು ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ, ಅವುಗಳ ನಡುವಣ ನೀರಿನ ದಾರಿಗಳ ಮೇಲೆ ಏನು ಎದ್ದುನಿಂತಿದೆ ಎಂಬುದನ್ನು ನಡೆದು ನೋಡಿ ಬರೆದಿಡಬಹುದು. ಇಂಥ ಪಟ್ಟಿ ಚರಿತ್ರೆಗೆ ಆಧಾರವಾಗುವಂತೆಯೇ ಪುರಸಭೆಯ ಎ೦ಜಿನಿಯರಿಗೂ ಪ್ರಯೋಜನಕ್ಕೆ ಬರುತ್ತದೆ. ನೀರಿನ ಹಳೆಯ ದಾರಿಯನ್ನು ತಿಳಿಯದೆ ಹೊಸ ಕಾಲುವೆಯನ್ನು ಅಗೆದರೆ ಮೊದಲ ದೊಡ್ಡ ಮಳೆಯಲ್ಲಿಯೇ ನೀರು ತನ್ನ ದಾರಿಯನ್ನು ತಾನು ಹುಡುಕಿಕೊಳ್ಳುತ್ತದೆ. ಮುದುಕರ ನೆನಪೂ ಹಳೆಯ ನಕ್ಷೆಗಳೂ ಇನ್ನೂ ದೊರೆಯುವಾಗಲೇ ಈ ಕೆಲಸಕ್ಕೆ ಕೈಹಚ್ಚುವುದು ಯುಕ್ತ.